ಗೋಡೆಯೊಳಗಿನ ಜಾಯಿಂಟು

ಶಿಗ್ಗಾಂವಿಗೆ ಬಂದು ಬರೀ ಮೈಲಾರಲಿಂಗಪ್ಪನ ಮನೆ ಯಾವುದು ಅಂತ ಕೇಳಿದರೆ ಯಾರೂ ತೋರಿಸುವುದಿಲ್ಲ. ಕೇಬಲ್ ಮೈಲಾರಪ್ಪ ಅನ್ನಬೇಕು. ಹಾನಗಲ್ಲಿನಲ್ಲಿ ಯಾರದೋ ಕೈಕೆಳಗೆ ಕೆಲಸ ಕಲಿತು, ಮೂವತ್ತು ವರ್ಷದ ಹಿಂದೆ ಈ ಓಣಿಗಳಿಗೆ ಕೇಬಲ್ ಟೀವಿ ತಂದವನು ಅವನು. ಮಾಳಿಗೆಯಿಂದ ಮಾಳಿಗೆಗೆ ದಾಟುತ್ತ ಕರಿ ವೈರು ಎಳೆದ. ಸೊಸೆಯಂದಿರ ಪಲ್ಯ ಸೀದದ್ದಕ್ಕೆ, ಹುಡುಗರು ನಪಾಸಾದದ್ದಕ್ಕೆ ಅರ್ಧ ಪಾಪ ಅವನದೇ ಎಂದು ಹಿರಿಯರು ಇವತ್ತಿಗೂ ಚೇಷ್ಟೆ ಮಾಡುತ್ತಾರೆ. ಆಮೇಲೆ ಮನೆಮನೆಯ ಮೇಲೆ ಡಿಶ್ ಬಂತು, ಕೈಕೈಗೆ ಮೊಬೈಲ್ ಬಂತು, ಕೇಬಲ್ ಮೂಲೆಗೆ ಬಿತ್ತು. ಅರವತ್ತೆರಡರ ಮೈಲಾರಪ್ಪನಿಗೆ ಈಗ ಉಳಿದದ್ದು ಮಿಕ್ಸರು, ಫ್ಯಾನುಗಳ ರಿಪೇರಿ, ಮತ್ತೆ ಒಂದು ಮಾತು: "ನನ್ನ ವೈರಿನಾಗ ಜಾಯಿಂಟ್ ಇರೂದಿಲ್ಲ." ಕಂಬದಿಂದ ಟೀವಿಯವರೆಗೆ ಒಂದೇ ಅಖಂಡ ತುಂಡು, ನಡುವೆ ಎಲ್ಲೂ ಕತ್ತರಿಸಿ ಕಟ್ಟಿದ್ದಿಲ್ಲ ಎಂದು ಇದರ ಅರ್ಥ. ಹೇಳಿ ಹೇಳಿ ಊರನ್ನು ನಂಬಿಸಿದ್ದ. ಅದು ಸುಳ್ಳಾದದ್ದು ಒಂದೇ ಮನೆಯಲ್ಲಿ. ಆ ಮನೆ ಸುಶೀಲವ್ವನದು.

ಸುಶೀಲವ್ವನ ಮನೆಯ ಮುಂಭಾಗದಲ್ಲಿ ಹಿಟ್ಟಿನ ಗಿರಣಿ, ಅದರ ಪಕ್ಕಕ್ಕೆ ಪಡಸಾಲೆ, ನಡುವೆ ದೇವರ ಖೋಲಿ, ಹಿಂದೆ ಸೊಸೆ ಶೈಲಾಳ ಖೋಲಿ. ಗೋಡೆಗಳು ಹಳೆಯ ಕಾಲದವು, ಕಲ್ಲು ಮಣ್ಣಿನವು, ಎರಡೂವರೆ ಮೊಳ ದಪ್ಪ. ಪಡಸಾಲೆಗೆ ಫೈಬರ್ ನೆಟ್ ಬಂದು ಎರಡು ವರ್ಷವಾಗಿತ್ತು. ಅಲ್ಲಿ ಬೇಕಾದಷ್ಟು ನೆಟ್ಟು, ದೇವರ ಖೋಲಿ ದಾಟಿದರೆ ಸೊನ್ನೆ.

ಶೈಲಾ ಏಳು ತಿಂಗಳ ಬಸುರಿ. ಹಾಸಿಗೆ ಬಿಟ್ಟು ಏಳಕೂಡದು, ಬಚ್ಚಲಿಗೆ ಹೋಗಿಬರುವುದಷ್ಟೇ ಎಂದು ಡಾಕ್ಟರು ಹೇಳಿದ್ದರು. ಅವಳು ಸಾಲೆಯೊಂದರಲ್ಲಿ ಗಣಿತ ಕಲಿಸುತ್ತಿದ್ದಳು. ಹಾಸಿಗೆ ಹಿಡಿದ ತಿಂಗಳೇ ಸಾಲೆಯವರು ಬೇರೆಯವರನ್ನು ತೆಗೆದುಕೊಂಡರು. ಮನೆಯಲ್ಲೇ ಕೂತು ಮೊಬೈಲು, ಕಂಪ್ಯೂಟರಿನ ಮೂಲಕ ದೂರದ ಮಕ್ಕಳಿಗೆ ಪಾಠ ಮಾಡುವ ನೌಕರಿಗೆ ಅರ್ಜಿ ಹಾಕಿದ್ದಳು. ಮೂವರು ಪರೀಕ್ಷಕರ ಮುಂದೆ ನಲವತ್ತು ನಿಮಿಷ ಪಾಠ ಮಾಡಿ ತೋರಿಸಬೇಕು. ಹೋದ ವಾರ ಮೊಬೈಲಿನ ನೆಟ್ಟಿನ ಮೇಲೆ ಮಾಡಲು ಹೋಗಿ ಮೂರು ಸಲ ಕಡಿದು ಬಿತ್ತು. ಕೈಕಾಲು ಹಿಡಿದು ಕೇಳಿದ್ದಕ್ಕೆ ಇನ್ನೊಂದೇ ಅವಕಾಶ ಕೊಟ್ಟರು. ಅದು ಇವತ್ತು, ಮಧ್ಯಾಹ್ನ ಎರಡಕ್ಕೆ. ಇನ್ನೊಮ್ಮೆ ಕಡಿದರೆ ಆ ಬಾಗಿಲು ಮುಚ್ಚಿದ ಹಾಗೆ.

ಪಡಸಾಲೆಯಲ್ಲಿ ಕೂರುವ ಹಾಗಿಲ್ಲ. ಗಿರಣಿಯ ಸದ್ದು, ಜೋಳದ ಬುಟ್ಟಿ ಹೊತ್ತು ಬರುವವರ ಮಾತು. ಗೋಡೆಗೆ ತೂತು ಹಾಕಿ ಹೊಸ ವೈರು ಎಳೆಯೋಣ ಎಂದರೆ ಸುಶೀಲವ್ವ ಒಪ್ಪಲಿಲ್ಲ. ಬಸುರಿ ಇದ್ದ ಮನೆಯ ಗೋಡೆಗೆ ಮೊಳೆ ಕೂಡ ಹೊಡೆಯಬಾರದು ಎನ್ನುವ ಮಾತು ಈ ಕಡೆ ಎಲ್ಲರಿಗೂ ಗೊತ್ತಿದ್ದದ್ದೇ. ಸುಶೀಲವ್ವನಿಗೆ ಅದು ಬರೀ ಮಾತಾಗಿರಲಿಲ್ಲ. ಮೂರು ವರ್ಷದ ಹಿಂದೆ ಗಿರಣಿಗೆ ಬೆಳಕು ಸಾಲದೆಂದು ಗೋಡೆ ಒಡೆದು ಕಿಟಕಿ ಇಡಿಸಿದ್ದಳು. ಆ ತಿಂಗಳೇ ಶೈಲಾಳ ಐದು ತಿಂಗಳ ಗರ್ಭ ಇಳಿದುಹೋಯಿತು. ಕಿಟಕಿಗೂ ಅದಕ್ಕೂ ಸಂಬಂಧವಿಲ್ಲ ಎಂದು ಡಾಕ್ಟರು ಹೇಳಿದರು, ಮಗ ಚನ್ನೇಶ ಹೇಳಿದ, ಶೈಲಾಳೇ ಹೇಳಿದಳು. ಸುಶೀಲವ್ವ ಇವತ್ತಿಗೂ ಆ ಕಿಟಕಿಯ ಕಡೆ ಮುಖ ಮಾಡಿ ಕೂರುವುದಿಲ್ಲ. ಹಾಗಾದರೆ ನೆಲದ ಮೇಲೆ ವೈರು ಹಾಸೋಣವೆಂದರೆ, ಗೋಡೆ ಹಿಡಿದು ನಡೆಯುವ ಹುಡುಗಿ ಎಡವಿ ಬಿದ್ದರೆ ಏನು ಗತಿ ಎಂದು ಅದಕ್ಕೂ ಬೇಡ ಅಂದಳು.

ಹೀಗಿರುವಾಗ ಮಿಕ್ಸರ್ ರಿಪೇರಿಗೆ ಬಂದ ಮೈಲಾರಪ್ಪನ ಬಾಯಿ ಸುಮ್ಮನಿರಬೇಕಲ್ಲ?

"ತೂತು ಯಾಕ್ರಿ ಅಕ್ಕಾರ? ನಾ ಎಳದಿದ್ದ ಕೇಬಲ್ ವೈರು ಗೋಡಿ ಒಳಗ ಇನ್ನೂ ಐತಿ. ಪಡಸಾಲಿಂದ ಸೀದಾ ಹಿಂದಿನ ಖೋಲಿಗೆ. ಈ ತುದಿಗೆ ಒಂದ ಡಬ್ಬಿ, ಆ ತುದಿಗೆ ಒಂದ ಡಬ್ಬಿ ಹಚ್ಚಿದ್ರ ಅದರಾಗ ನೆಟ್ಟು ಹಾಯ್ತೈತಿ. ಡಬ್ಬಿ ನನ್ನ ಕಡೆ ಅದಾವ. ನನ್ನ ವೈರಿನಾಗ ಜಾಯಿಂಟ್ ಇರೂದಿಲ್ಲ, ನಿಮಗ ಗೊತ್ತೈತಲ್ಲ."

ಡಬ್ಬಿಗಳ ಮಾತು ಖರೆ. ಕೇಬಲ್ಲಿನ ಕೊನೆಗಾಲದಲ್ಲಿ ಅದರಲ್ಲೇ ನೆಟ್ ಕೊಡುವ ಪ್ರಯತ್ನ ನಡೆದಾಗ ಅವನು ತರಿಸಿದ್ದವು. ಈ ಗೋಡೆಯೊಳಗಿನ ಆ ಒಂದು ಜಾಯಿಂಟು ಅವನಿಗೆ ನೆನಪಿರಲಿಲ್ಲ ಎಂದರೆ ಮಾತ್ರ ಸುಳ್ಳಾಗುತ್ತದೆ. ನೆನಪಿತ್ತು. ಇಷ್ಟು ವರ್ಷ ಅದರೊಳಗೆ ಟೀವಿ ಬಂದಿತ್ತಲ್ಲ, ನೆಟ್ಟೂ ಬಂದೀತು ಎಂದುಕೊಂಡಿದ್ದ.

ಬರಲಿಲ್ಲ. ಬೆಳಿಗ್ಗೆ ಹತ್ತಕ್ಕೆ ಬಂದು ಒಂದು ಡಬ್ಬಿಯನ್ನು ಪಡಸಾಲೆಯ ನೆಟ್ಟಿನ ಪೆಟ್ಟಿಗೆಗೆ, ಇನ್ನೊಂದನ್ನು ಶೈಲಾಳ ಮಂಚದ ಪಕ್ಕದ ವೈರಿಗೆ ಜೋಡಿಸಿದ. ಎರಡೂ ಡಬ್ಬಿಗೆ ಕರೆಂಟಿನ ದೀಪ ಹತ್ತಿತು. ಒಂದು ಇನ್ನೊಂದನ್ನು ಕಂಡದ್ದಕ್ಕೆ ಹತ್ತಬೇಕಾದ ಹಸಿರು ದೀಪ ಹತ್ತಲಿಲ್ಲ. ಮೈಲಾರಪ್ಪ ತುದಿಯ ಪಿನ್ನು ಬಿಚ್ಚಿದ, ತಾಮ್ರದ ಕಡ್ಡಿ ಕೆರೆದು ಹೊಸ ಪಿನ್ನು ಹಾಕಿದ. ಅಟ್ಟ ಹತ್ತಿ, ಟೀವಿ ಚಿತ್ರಕ್ಕೆ ಬಲ ಕೊಡಲು ಹಿಂದೆ ಹಚ್ಚಿದ್ದ ಬೂಸ್ಟರ್ ಕಿತ್ತುಹಾಕಿ ಅಲ್ಲಿ ನೇರ ಜೋಡಿಸಿದ, ಏಕೆಂದರೆ ಬೂಸ್ಟರು ಹೋಗುವುದನ್ನು ಬಿಡುತ್ತದೆ, ಬರುವುದನ್ನು ಬಿಡುವುದಿಲ್ಲ. ಇಳಿದು ಬಂದು ನೋಡಿದರೆ ಡಬ್ಬಿ ಹಾಗೇ ಇತ್ತು.

"ಕಾಕಾ, ಹತ್ತಿತೇನ್ರಿ?" ಒಳಗಿನಿಂದ ಶೈಲಾ ಕೇಳಿದಳು.

"ಹತ್ತತೈತಿ ತಂಗಿ, ಈಗ ಹತ್ತತೈತಿ."

ಅವಳು ದಿಂಬಿಗೆ ಒರಗಿ ಪಾಠದ ತಾಲೀಮು ಮಾಡುತ್ತಿದ್ದಳು. ಒಂದು ರೊಟ್ಟಿಯನ್ನು ನಾಲ್ಕು ಮಾಡಿ ಮೂರು ತಿಂದರೆ ಉಳಿದದ್ದೆಷ್ಟು ಎಂದು ಇಲ್ಲದ ಮಕ್ಕಳನ್ನು ಕೇಳುವ ಅವಳ ದನಿ ಬರಬರುತ್ತ ಸಣ್ಣದಾಗುತ್ತಿತ್ತು. ಹನ್ನೊಂದೂವರೆಗೆ ಸುಶೀಲವ್ವ ಹೊರಬಂದು, "ಅಕೀ ಕೈ ತಣ್ಣಗಾಗ್ಯಾವ್ರಿ ಮೈಲಾರಪ್ಪಾರ. ಆಗೂದಿಲ್ಲ ಅಂದ್ರ ಆಗೂದಿಲ್ಲ ಅಂತ ಹೇಳಿಬಿಡ್ರಿ," ಅಂದಳು.

ಹೇಳಬಹುದಿತ್ತು. ಅವನ ಚೀಲದಲ್ಲೇ ಹೊಸ ವೈರಿನ ಸುರುಳಿ ಇತ್ತು. ಗೋಡೆಯೊಳಗಿನದು ಕೆಟ್ಟಿದೆ, ನಲವತ್ತು ನಿಮಿಷದ ಮಟ್ಟಿಗೆ ಇದನ್ನು ನೆಲದ ಮೇಲೆ ಹಾಸೋಣ ಅಂದಿದ್ದರೆ ಹತ್ತೂವರೆಗೇ ಕೆಲಸ ಮುಗಿಯುತ್ತಿತ್ತು. ಆದರೆ ಕೆಟ್ಟದ್ದು ಯಾಕೆ, ಎಲ್ಲಿ ಎಂದು ಕೇಳಿಯೇ ಕೇಳುತ್ತಾರೆ. ಆ ಜಾಯಿಂಟಿನ ಹಿಂದೆ ಒಬ್ಬ ಮನುಷ್ಯ ನಿಂತಿದ್ದ.

ಇಪ್ಪತ್ತೆರಡು ವರ್ಷದ ಹಿಂದೆ ಈ ಮನೆಗೆ ಹೊಸ ಗಿಲಾವು ಮಾಡಿಸಿದಾಗ ಗೋಡೆಯಲ್ಲಿ ಉದ್ದಕ್ಕೆ ಸೀಳು ಕೊರೆಸಿ ವೈರು ಮುಚ್ಚಿದ್ದರು. ದೇವರ ಖೋಲಿಯ ಹತ್ತಿರ ಸುರುಳಿ ಮುಗಿಯಿತು. ನಾಲ್ಕು ಮೊಳ ಕಡಿಮೆ. ಗೌಂಡಿಗಳು ಸಿಮೆಂಟು ಕಲಸಿ ಕಾಯುತ್ತಿದ್ದರು. ಹುಬ್ಬಳ್ಳಿಯಿಂದ ಹೊಸ ಸುರುಳಿ ತರಲು ಒಂದು ದಿನ ಬೇಕು. ಮೈಲಾರಪ್ಪ ಅತ್ತಿತ್ತ ನೋಡಿ ಎರಡು ತುಂಡು ಹೊಸೆದು, ಟೇಪು ಸುತ್ತಿ, "ಹೊಡೀರಿ ಗಿಲಾವ್" ಅಂದುಬಿಟ್ಟ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯಿತು.

ನಾಲ್ಕು ತಿಂಗಳಿಗೆ ಟೀವಿ ಚಿತ್ರದ ಮೇಲೆ ನುಚ್ಚು ಉದುರಿದಂತೆ ಚುಕ್ಕಿ ಬರತೊಡಗಿದವು. ಆಗ ಬದುಕಿದ್ದ ಸುಶೀಲವ್ವನ ಗಂಡ ಲಕ್ಕಪ್ಪ ದೊಡ್ಡ ದನಿಯ ಮನುಷ್ಯ. ಓಣಿಯ ಜನರ ಮುಂದೆ, "ಏನ್ ಮೈಲಾರಪ್ಪ, ಇದಽ ಏನ್ ನಿನ್ನ ಜಾಯಿಂಟ್ ಇಲ್ಲದ ವೈರು?" ಎಂದು ಕೇಳಿದ. ಮೈಲಾರಪ್ಪನ ಕೈಕೆಳಗೆ ಆಗ ಸವಣೂರಿನ ರಮೀಜ ಲೈನ್‌ಮನ್ ಆಗಿದ್ದ. ಆ ಹೊತ್ತಿಗೆ ಮಾಳಿಗೆ ಮೇಲೆ ನಿಂತಿದ್ದ, ಅಷ್ಟೇ ಅವನು ಮಾಡಿದ ತಪ್ಪು. ಮೈಲಾರಪ್ಪ ಮೇಲೆ ಕೈ ತೋರಿಸಿ, ಇವನೇ ವೈರು ಕತ್ತರಿಸಿ ಹಿಂದಿನ ಓಣಿಗೆ ಕಳ್ಳ ಕನೆಕ್ಷನ್ ಕೊಟ್ಟಿದ್ದಾನೆ ಅಂದ. ಕೆಳಗಿಳಿದ ರಮೀಜನ ಕೆನ್ನೆಗೆ ಹೊಡೆದು ಅಲ್ಲಿಂದಲೇ ಕಳಿಸಿದ. ಬೂಸ್ಟರ್ ಹಚ್ಚಿದ ಮೇಲೆ ಚಿತ್ರ ಸರಿಹೋಯಿತು. ಕಳ್ಳ ಹೋದ, ಚಿತ್ರ ಬಂತು ಎಂದು ಓಣಿಯವರು ನಂಬಿದರು.

ಆ ರಮೀಜನೇ ಈಗ ಈ ಸುತ್ತಿನಲ್ಲೆಲ್ಲ ಫೈಬರ್ ನೆಟ್ಟು ಕೊಡುವವನು. ಸುಶೀಲವ್ವನ ಪಡಸಾಲೆಗೆ ಬಂದದ್ದೂ ಅವನ ನೆಟ್ಟೇ. ಆದರೆ ಈ ಮನೆಗೆ ತನ್ನ ಕೆಲಸಗಾರರನ್ನು ಕಳಿಸುತ್ತಿದ್ದನೇ ಹೊರತು ತಾನು ಹೊಸ್ತಿಲು ತುಳಿದಿರಲಿಲ್ಲ.

ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಮೈಲಾರಪ್ಪನ ತಲೆ ಕೆಟ್ಟಿತು. ಪಡಸಾಲೆಯಲ್ಲಿ ಗೋಡೆಯಿಂದ ಹೊರಬಂದ ವೈರನ್ನು ಇನ್ನಷ್ಟು ಎಳೆದು ಹೊಸ ತುದಿ ಮಾಡೋಣವೆಂದು ಎರಡೂ ಕೈಯಲ್ಲಿ ಹಿಡಿದು ಜಗ್ಗಿದ. ಅದೇ ಕ್ಲಿಪ್ಪಿನಲ್ಲಿ ಫೈಬರಿನ ಎಳೆಯೂ ಹಾಯ್ದಿತ್ತು. ಟಕ್ಕೆಂದು ಸಣ್ಣ ಸದ್ದಾಯಿತು. ನೆಟ್ಟಿನ ಪೆಟ್ಟಿಗೆಯ ಮೇಲೆ ಕೆಂಪು ದೀಪ ಮಿಣುಕತೊಡಗಿತು. ಇಲ್ಲಿಯವರೆಗೆ ಹಿಂದಿನ ಖೋಲಿಗಷ್ಟೇ ನೆಟ್ಟಿರಲಿಲ್ಲ, ಈಗ ಇಡೀ ಮನೆಗೇ ಇಲ್ಲವಾಯಿತು. ತಾಮ್ರವನ್ನಾದರೆ ಹಲ್ಲಿನಿಂದ ಸುಲಿದು ಹೊಸೆಯಬಹುದು. ಗಾಜಿನ ಎಳೆಯನ್ನು ಹೊಸೆಯಲಾಗುವುದಿಲ್ಲ, ಅದನ್ನು ಬೆಸೆಯಲು ಯಂತ್ರ ಬೇಕು.

"ಕೆಂಪ ದೀಪ ಯಾಕ್ರಿ?" ಸುಶೀಲವ್ವ ಬಾಗಿಲಲ್ಲಿ ನಿಂತಿದ್ದಳು.

"ಇಲಿ ಕಡದಾವ ಕಾಣತೈತ್ರಿ." ಸುಳ್ಳು ತಾನಾಗಿ ಬಂತು. ಅಭ್ಯಾಸವಾದ ಬಾಯಿ.

ರಮೀಜನ ನಂಬರು ಪೆಟ್ಟಿಗೆಯ ಮೇಲೆಯೇ ಅಂಟಿಸಿತ್ತು. ಫೋನು ಹಚ್ಚುವಾಗ ಮೈಲಾರಪ್ಪನಿಗೆ ನೀ ಅನ್ನಬೇಕೋ ನೀವು ಅನ್ನಬೇಕೋ ಗೊತ್ತಾಗಲಿಲ್ಲ. "ನಾ... ಮೈಲಾರಪ್ಪ. ಸುಶೀಲವ್ವಾರ ಮನಿಂದ ಮಾತಾಡಾಕತ್ತೇನಿ. ಫೈಬರ್ ಹೋಗೈತಿ. ಎರಡಕ್ಕ ಇಲ್ಲಿ ಸೊಸೀದು ಪರೀಕ್ಷಾ ಐತಿ."

ಆ ಕಡೆ ಗಾಳಿಯ ಸದ್ದಿತ್ತು. ಅದರ ನಡುವೆ ದನಿ ಬಂತು. "ದುಂಡಸಿ ಊರಾಗ ಕಂಬದ ಮ್ಯಾಲ ಅದೀನ್ರಿ. ಹುಡುಗರು ತಡಸಕ್ಕ ಹೋಗ್ಯಾರ. ನಾನಽ ಬರ್ತೇನಿ."

ಕಾಯುವ ಆ ಒಂದು ತಾಸು ಮೈಲಾರಪ್ಪನ ಜೀವಮಾನದಲ್ಲೇ ಉದ್ದದ್ದು. ಸುಶೀಲವ್ವ ಗಿರಣಿ ನಿಲ್ಲಿಸಿದಳು. ಬುಟ್ಟಿ ಹೊತ್ತು ಬಂದವರನ್ನು ತಿರುಗಿ ಕಳಿಸಿದಳು. ಹಿರೇಕೆರೂರಿಗೆ ಗೋವಿನಜೋಳದ ಬೀಜ ತರಲು ಹೋದ ಮಗ ಎರಡು ಸಲ ಫೋನು ಮಾಡಿದ, ಎರಡು ಸಲವೂ ಎಲ್ಲ ಸರಿ ಐತಿ ಅಂದಳು. ಒಳಗೆ ಶೈಲಾ ಪಾಠ ಹೇಳುವುದನ್ನು ನಿಲ್ಲಿಸಿಬಿಟ್ಟಿದ್ದಳು. ಹೊಟ್ಟೆ ಬಿಗಿದಂತಾಗುತ್ತದೆ ಅಂದಳು ಒಮ್ಮೆ. ನೀರು ಕುಡಿದ ಮೇಲೆ ಈಗಿಲ್ಲ ಅಂದಳು. ಮೈಲಾರಪ್ಪ ದೇವರ ಖೋಲಿಯ ಗೋಡೆಯನ್ನು ನೋಡುತ್ತ ಕೂತಿದ್ದ. ಜಾಯಿಂಟು ಇದ್ದ ಜಾಗ ಕಣ್ಣು ಕಟ್ಟಿದರೂ ತೋರಿಸಬಲ್ಲವನಾಗಿದ್ದ.

ಒಂದು ಗಂಟೆಗೆ ರಮೀಜ ಬಂದ. ಗಡ್ಡದಲ್ಲಿ ಬಿಳಿ ಕಾಣಿಸಿಕೊಂಡಿತ್ತು, ಅಂಗಿಯ ತುಂಬ ಕಂಬದ ತುಕ್ಕು. ಸುಶೀಲವ್ವನಿಗೆ ನಮಸ್ಕಾರ ಮಾಡಿ ನೇರ ಪೆಟ್ಟಿಗೆಯ ಹತ್ತಿರ ಕೂತು, ಮುರಿದ ಎಳೆಯನ್ನು ಬೆಳಕಿಗೆ ಹಿಡಿದು ನೋಡಿದ. ಮೈಲಾರಪ್ಪನಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಹೇಳಿದ: "ಇಲಿ ಕಡದ್ರ ಹಲ್ಲಿನ ಗುರ್ತ ಇರತಾವ್ರಿ. ಇದು ಜಗ್ಗಿ ಹರದದ್ದು."

ಅಷ್ಟೇ ಹೇಳಿದ. ಸುಶೀಲವ್ವನಿಗೆ ಹೇಳಲಿಲ್ಲ. ಮೈಲಾರಪ್ಪನಿಗೆ ಅದು ಹೊಡೆತಕ್ಕಿಂತ ಹೆಚ್ಚಾಗಿ ನೋಯಿತು. ಯಂತ್ರ ತೆಗೆದು ಎಳೆ ಬೆಸೆದು, ಒಂದು ಗಂಟೆ ಹದಿನೆಂಟಕ್ಕೆ ಪೆಟ್ಟಿಗೆಯ ಕೆಂಪು ದೀಪ ಆರಿಸಿದ. ಶೈಲಾಳ ಖೋಲಿಯ ಡಬ್ಬಿ ಮಾತ್ರ ಮೊದಲಿನ ಹಾಗೇ ಸುಮ್ಮನಿತ್ತು. ರಮೀಜ ಎರಡೂ ತುದಿಯ ಪಿನ್ನು ನೋಡಿದ, ವೈರಿಗೆ ಮೀಟರು ಹಚ್ಚಿದ.

"ತುದಿ ಎಲ್ಲಾ ಬರೋಬ್ಬರಿ ಅದಾವ. ನಡುವ ಗೋಡಿ ಒಳಗ ಎಲ್ಲೋ ಜಾಯಿಂಟ್ ಐತಿ. ಅದು ತುಕ್ಕು ಹಿಡದೈತಿ."

"ಮೈಲಾರಪ್ಪಾರ ವೈರಿನಾಗ ಜಾಯಿಂಟ್ ಇರೂದಿಲ್ಲ," ಸುಶೀಲವ್ವ ಥಟ್ಟನೆ ಅಂದಳು. ಬೆಳಗಿನಿಂದ ತಡೆದಿದ್ದ ಸಿಟ್ಟಿಗೆ ಒಬ್ಬ ಮನುಷ್ಯ ಸಿಕ್ಕಿದ್ದ. "ಇದ್ರ ನಿಂದಽ ಇರಬೇಕು. ಅವತ್ತ ಮಾಳಿಗಿ ಮ್ಯಾಲ ಕತ್ತರಿಸಿದಾಂವ ಮತ್ತೆಲ್ಲೆಲ್ಲಿ ಕತ್ತರಿಸಿದ್ಯೋ ಯಾರಿಗೆ ಗೊತ್ತು? ನಮ್ಮ ಯಜಮಾನ್ರು ಅವತ್ತಽ ಹೇಳಿದ್ರು, ಇವನ್ನ ಮನೀಗೆ ಬಿಟ್ಟಿದ್ದಽ ತಪ್ಪಾತು ಅಂತ."

ರಮೀಜ ಮೀಟರಿನ ವೈರು ಸುತ್ತುತ್ತ ತಲೆ ತಗ್ಗಿಸಿ ನಿಂತ. ಇಪ್ಪತ್ತೆರಡು ವರ್ಷದ ಹಿಂದೆಯೂ ಹೀಗೇ ನಿಂತಿದ್ದ. ಆಗ ಅವನು ಮಾತಾಡದ್ದನ್ನು ತಪ್ಪು ಒಪ್ಪಿಕೊಂಡ ಹಾಗೆ ಎಂದು ಜನ ತಿಳಿದಿದ್ದರು. ಮೈಲಾರಪ್ಪನೇ ಹಾಗೆ ತಿಳಿಯುವಂತೆ ಮಾಡಿದ್ದ. ಗೋಡೆಯ ಗಡಿಯಾರದಲ್ಲಿ ಒಂದೂ ಇಪ್ಪತ್ತೈದು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ. ಮೈಲಾರಪ್ಪ ಅಲ್ಲಿಯವರೆಗೂ ಆ ಗಾದೆಯನ್ನು ತನ್ನ ಮಾನದ ಲೆಕ್ಕದಲ್ಲೇ ಹಿಡಿದಿದ್ದ. ಎದುರಿಗಿದ್ದವನದೂ ಮಾನವೇ ಎಂದು ಈಗ ಹೊಳೆಯಿತು.

"ಅಕ್ಕಾರ," ಅಂದ. ಅವಳ ಎದುರಿಗೆ ಬಂದು ನಿಂತ. ಇನ್ನೊಮ್ಮೆ ಅಂದ. "ಅಕ್ಕಾರ, ಜಾಯಿಂಟ್ ಐತ್ರಿ. ದೇವರ ಖೋಲಿ ಗೋಡ್ಯಾಗ, ಮೂಲಿಂದ ಎರಡ ಮೊಳ ಈಚೆ. ನಾನಽ ಹಾಕಿದ್ದು. ವೈರು ಸಾಲಲಿಲ್ಲ, ಎರಡ ತುಂಡ ಹೊಸೆದು ಮುಚ್ಚಿಸಿಬಿಟ್ಟೆ. ರಮೀಜ ಏನೂ ಕತ್ತರಿಸಿದ್ದಿಲ್ಲ. ಯಾರಿಗೂ ಕನೆಕ್ಷನ್ ಕೊಟ್ಟಿದ್ದಿಲ್ಲ. ಅವತ್ತ ನಾ ಸುಳ್ಳ ಹೇಳಿ ಅವನ್ನ ಹೊಡದೆ."

ಗಿರಣಿ ನಿಂತಿದ್ದರಿಂದ ಅವನ ಮಾತು ಒಳಗಿನ ಖೋಲಿಗೂ ಕೇಳಿಸಿತ್ತು. ಸುಶೀಲವ್ವ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಇದನ್ನ ಹೇಳಾಕ ಇಷ್ಟೊತ್ತ ಬೇಕಾತೇನ್ರಿ? ಹತ್ತ ಗಂಟೇದಿಂದ ಆ ಹುಡುಗಿ ಜೀವಾ ಕೈಯಾಗ ಹಿಡ್ಕೊಂಡ ಕುಂತಾಳ."

ಮೈಲಾರಪ್ಪ ಚೀಲದಿಂದ ಹೊಸ ಸುರುಳಿ ತೆಗೆದ. "ನೆಲದ ಮ್ಯಾಲ ಹಾಸತೇನ್ರಿ. ಮುಗಿದ ಕೂಡ್ಲೆ ತಗೀತೇನಿ."

"ಹಾಸ್ರಿ," ಅಂದಳು ಸುಶೀಲವ್ವ. "ವೈರಿನ ಕಾವಲಿಗೆ ನಾ ಕುಂದರ್ತೇನಿ. ಅಕಿ ಏಳೂದಾದ್ರ ನಾ ಕೈ ಹಿಡೀತೇನಿ."

ರಮೀಜ ಸುರುಳಿಯ ಒಂದು ತುದಿ ಹಿಡಿದು ಹಿಂದಕ್ಕೆ ನಡೆದ. ಪಡಸಾಲೆಯ ತುದಿಗೆ ಪಿನ್ನು ಹಾಕುವಾಗ ಮೈಲಾರಪ್ಪನಿಗೆ ಎರಡು ಸಲ ತಪ್ಪಿತು. ಮೂರನೆಯ ಸಲಕ್ಕೆ ಕೂತಿತು. ಒಂದೂ ನಲವತ್ನಾಲ್ಕಕ್ಕೆ ಒಳಗಿನಿಂದ ಶೈಲಾ ಕೂಗಿದಳು: "ಹಸರ ದೀಪ ಹತ್ತಿತ್ರಿ!"

ಎರಡಕ್ಕೆ ಬಾಗಿಲು ಮುಚ್ಚಿತು. ವೈರು ಬಾಗಿಲ ಕೆಳಗಿನಿಂದ ಒಳಗೆ ಹೋಗಿತ್ತು. ಸುಶೀಲವ್ವ ಹೊಸ್ತಿಲ ಹೊರಗೆ ಕಾಲು ಚಾಚಿ ಕೂತು ಅದರ ಮೇಲಿಂದ ಇರುವೆಯನ್ನೂ ದಾಟಲು ಬಿಡುವಂತೆ ಕಾಣಲಿಲ್ಲ. ಪಡಸಾಲೆಯಲ್ಲಿ ಇಬ್ಬರು ಗಂಡಸರು ಎರಡು ಮೂಲೆಯಲ್ಲಿ ಕೂತು ಡಬ್ಬಿಯ ಹಸಿರು ದೀಪವನ್ನೇ ನೋಡುತ್ತಿದ್ದರು. ನಡುವೆ ಒಮ್ಮೆ ಅದು ಕಣ್ಣು ಮಿಟುಕಿಸಿತು. ಒಳಗೆ ಶೈಲಾಳ ದನಿ ನಿಲ್ಲಲಿಲ್ಲ, ರೊಟ್ಟಿ ಹರಿಯುವುದೂ ಹಂಚುವುದೂ ನಡೆದೇ ಇತ್ತು. ಎರಡೂ ನಲವತ್ತಕ್ಕೆ ಒಳಗಿನಿಂದ ಕರೆ ಬಂತು, ಸುಶೀಲವ್ವ ಬಾಗಿಲು ತೆರೆದಳು. "ಒಮ್ಮೆನೂ ಕಡೀಲಿಲ್ಲ," ಅಂದಳು ಶೈಲಾ ಮಂಚದಿಂದಲೇ. ನೌಕರಿ ಸಿಕ್ಕಿತೋ ಇಲ್ಲವೋ ಆಮೇಲೆ ತಿಳಿಸುತ್ತಾರಂತೆ. ಅವಳ ಮುಖದಲ್ಲಿ ಮಾತ್ರ ಆಗಲೇ ಸಿಕ್ಕಂತಹ ಕಳೆ ಇತ್ತು. ಸುಶೀಲವ್ವ ಕಣ್ಣು ಒರೆಸಿಕೊಂಡು, ರಮೀಜನ ಕಡೆ ತಿರುಗಿ, "ನಾ ಅಂದದ್ದು ಮನಸಿಗೆ ಹಚ್ಕೋಬ್ಯಾಡಪ್ಪಾ. ಚಾ ಕುಡದು ಹೋಗು," ಅಂದಳು.

ರಮೀಜ ಚಹಾ ಕುಡಿದ. ಹೊರಗೆ ಬಂದು ಬೈಕಿಗೆ ಯಂತ್ರ ಕಟ್ಟುತ್ತಿದ್ದವನ ಹತ್ತಿರ ಮೈಲಾರಪ್ಪ ಹೋಗಿ ನಿಂತ. ತಪ್ಪಾಯಿತು ಅನ್ನಬೇಕೆಂದು ಬಾಯಿ ತೆರೆಯುವ ಮೊದಲೇ ರಮೀಜ ಮಾತಾಡಿದ.

"ನನಗ ಹೇಳಬ್ಯಾಡ್ರಿ. ನನಗ ಅವತ್ತಽ ಗೊತ್ತಿತ್ತು. ಗಿಲಾವ್ ಹೊಡಿಯೂವಾಗ ನಾ ಅಲ್ಲೇ ಇದ್ದೆ, ನೀವು ವೈರು ಹೊಸೆದದ್ದ ನೋಡಿದ್ದೆ. ನಿಮ್ಮ ಉಪ್ಪ ತಿಂದಿದ್ದೆ, ಬಾಯಿ ಬಿಡಲಿಲ್ಲ." ಹಗ್ಗದ ಗಂಟು ಬಿಗಿದ. "ನಮ್ಮ ಅಮ್ಮಿ ಸವಣೂರಾಗ ಅದಾಳ. ಅಕೀಗೆ ಹೇಳ್ರಿ. ಈಗ ಬರ್ತೀರೇನು?"

ಮೈಲಾರಪ್ಪ ಬೈಕಿನ ಹಿಂದೆ ಹತ್ತಿ ಕೂತ. ಬೈಕು ಸವಣೂರಿನ ದಾರಿ ಹಿಡಿಯಿತು.

ರಮೀಜನ ತಾಯಿ ನೂರಜಹಾನ ಹೊರಗಿನ ಕಟ್ಟೆಯ ಮೇಲೆ ಕೂತು ಎಲೆ ಕಟ್ಟು ಮಾಡುತ್ತಿದ್ದಳು. ಎಪ್ಪತ್ತೈದು ದಾಟಿದ ಕೈಗಳು ಒದ್ದೆ ಬಟ್ಟೆಯಿಂದ ವೀಳ್ಯದೆಲೆ ಒರೆಸಿ ಒಂದರ ಮೇಲೊಂದು ಜೋಡಿಸುತ್ತಿದ್ದವು. ಬಂದವನು ಯಾರೆಂದು ಮಗ ಹೇಳಿದ. ಮೈಲಾರಪ್ಪ ನಿಂತಲ್ಲಿಯೇ ಎಲ್ಲವನ್ನೂ ಹೇಳಿದ, ಯಾವುದನ್ನೂ ಬಿಡಲಿಲ್ಲ. ಮುಗಿಸಿದ ಮೇಲೂ ಅವಳು ಎಲೆ ಒರೆಸುತ್ತಲೇ ಇದ್ದಳು. ಕಟ್ಟು ಪೂರ್ತಿಯಾದ ಮೇಲೆ ಬಟ್ಟೆ ಕೆಳಗಿಟ್ಟಳು.

"ಅವತ್ತ ಇಂವ ಮನೀಗೆ ಬಂದು, ಅಮ್ಮಿ, ಕುರಾನ್ ಮ್ಯಾಲ ಕೈ ಇಟ್ಟ ಹೇಳ್ತೇನಿ, ನಾ ಕದ್ದಿಲ್ಲ ಅಂದಿದ್ದ," ಅಂದಳು. ಮೈಲಾರಪ್ಪನಿಗಲ್ಲ, ಎದುರಿನ ರಸ್ತೆಗೆ ಹೇಳುವಂತೆ. "ಕಳ್ಳನ ಕೈ ಅದಕ್ಕ ಹತ್ತಬಾರದು ಅಂತ ನಾ ಮುಟ್ಟಾಕ ಕೊಡಲಿಲ್ಲ."

ಆಮೇಲೆ ಮಗನನ್ನು ಹತ್ತಿರ ಕರೆದಳು. ತುಕ್ಕು ಹತ್ತಿದ ಅವನ ಬಲಗೈ ಹಿಡಿದು ತನ್ನ ಮಡಿಲಲ್ಲಿ ಇಟ್ಟುಕೊಂಡು ಅಳತೊಡಗಿದಳು. ಮೈಲಾರಪ್ಪನಿಗೆ ಕೂತುಕೋ ಎಂದು ಯಾರೂ ಹೇಳಲಿಲ್ಲ. ಅವನು ಬಿಸಿಲಲ್ಲಿ ನಿಂತೇ ಇದ್ದ.